ಗಂಟೆಯ ಮೇಲಿಲ್ಲದ ಹಂದಿ

ಹತ್ತಿರ ಬಂದು ಕೂತ್ಕೊಳ್ರಪ್ಪ, ಕಿವಿ ಇತ್ಲಾಗೆ ಕೊಡಿ. ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲ. ಚೀನಾ ಸೀಮೇಲಿ ಒಂದು ರಾಜ್ಯ. ಅಲ್ಲೊಬ್ಬ ಹೊಸ ರಾಜ, ಹೆಸರು ಶೆನ್. ಹಳೇ ರಾಜನ್ನ ಓಡಿಸಿ ಪಟ್ಟಕ್ಕೆ ಕೂತೋನು. ಅವನಪ್ಪ ಹಂದಿ ಕಾಯ್ತಿದ್ದ. ಅದನ್ನ ಹೇಳೋಕೆ ಮಗನಿಗೆ ನಾಚಿಕೆ! ಹಂದಿ ಮಾರಿದ ಅನ್ನ ತಿಂದಾಗ ಎಲ್ಲಿಗೆ ಹೋಗಿತ್ತೋ ಆ ನಾಚಿಕೆ?

ಆ ರಾಜ್ಯದಲ್ಲೊಂದು ಪದ್ಧತಿ. ರಾಜನಾದೋನು ಸತ್ತ ತಂದೆಗೆ ಕಂಚಿನ ಗಂಟೆ ಎರಕ ಹೊಯ್ಯಿಸಿ, ಅದರ ಮೇಲೆ ತಂದೆ ಹೆಸರು ಹಾಕಿಸಬೇಕು. ಒಳಗೆ ನಾಲಗೆ ಇರೋಲ್ಲ, ಹೊರಗಿನಿಂದ ಕೊಡತೀಲಿ ಹೊಡೀಬೇಕು. ಮೊದಲ ಪೆಟ್ಟು ಸತ್ತವನ ಹೆಂಡತಿಯದು. ಆ ಸದ್ದು ಕೇಳಿದರೇನೇ ಅವನು ಎಡೆ ಉಣ್ಣೋಕೆ ಬರೋದು.

ಶೆನ್ ಏನು ಮಾಡಿದ? 'ಮಹಾರಾಜ ವೂತಾನ್' ಅಂತ ಇಲ್ಲದ ಅಪ್ಪನೊಬ್ಬನ್ನ ಹುಟ್ಟಿಸಿ ಹೆಸರು ಹಾಕಿಸಿದ. ಗಂಟೆ ಸುತ್ತ ಚಿತ್ತಾರದಲ್ಲಿ ಡ್ರ್ಯಾಗನ್ ಬಂತು, ಹುಲಿ ಬಂತು, ಕೆಳದವಡೆಯೇ ಇಲ್ಲದ ಗುಡ್ಡೆಗಣ್ಣಿನ ಮೃಗವೊಂದು ಬಂತು. ಅದ್ಯಾವ ಪ್ರಾಣಿ ಅಂದ್ರೆ ಆಸ್ಥಾನದ ಪಂಡಿತರೆಲ್ಲ ಗಡ್ಡ ನೀವಿಕೊಂಡರು.

ರಾಜನ ತಾಯಿ ಲೂಯವ್ವ ಅನ್ನದ ಮಡಕೆ ಹೊತ್ತು ಬಂದಳು. ಸತ್ತಾಗಿನಿಂದ ಗಂಡನಿಗೆ ಒಂದು ತುತ್ತಿಲ್ಲ ಅಂತ ಅವಳ ಕರುಳು ಕಿತ್ತು ಬರ್ತಿತ್ತು. ಗಂಟೆ ಸುತ್ತ ಒಂದು ಸುತ್ತು ಬಂದಳು, ಎರಡು ಸುತ್ತು ಬಂದಳು, ಮೂರು ಸುತ್ತು ಬಂದಳು.

"ಡ್ರ್ಯಾಗನ್ ಐತೆ. ಹುಲಿ ಐತೆ. ದವಡೆ ಬಿದ್ದೋದ ಈ ಪೀಡೆನೂ ಐತೆ. ನಿಮ್ಮಪ್ಪನ ಹಂದಿ ಎಲ್ಲೋ?"

ಆಸ್ಥಾನ ಕಿಸಕ್ಕಂತು.

"ಸುಮ್ನೆ ಹೊಡಿ ಅವ್ವ," ಶೆನ್ ಹಲ್ಲು ಕಡಿದ.

"ಹೆಸರು ಯಾರದು ಇದರಲ್ಲಿ?" ಪೂಜಾರಿಯನ್ನ ಕೇಳಿದಳು. ಅವನು ಓದಿ ಹೇಳಿದ.

"ಈ ವೂತಾನ್ ಯಾವನೋ ನಂಗೊತ್ತಿಲ್ಲ. ಅವನ ಹೆಂಡ್ತಿನ ಕರೆಸು, ಹೊಡೀತಾಳೆ. ನಾನು ಹೊಡೆದ್ರೆ ಕಂಡೋರ ಗಂಡ ಬಂದು ಉಂಡೋಯ್ತಾನೆ. ನನ್ನ ಗಂಡ ಹಸ್ಕೊಂಡೇ ಇರ್ತಾನೆ."

"ಈ ಹುಚ್ಚಿ ನನ್ನ ತಾಯಿನೇ ಅಲ್ಲ! ಆಚೆ ದಬ್ಬಿ!"

ದಬ್ಬಿದರು. ಅಲ್ಲೂ ಹೆಂಗಸರು ಗಂಡನ ಹೆಸರು ಹೇಳೋ ಹಾಗಿರಲಿಲ್ಲ, ಲೂಯವ್ವನೂ ಒಂದು ದಿನ ಹೇಳಿದವಳಲ್ಲ. ಅವತ್ತು ಅರಮನೆ ಬಾಗಿಲಲ್ಲೇ ಮಡಕೆ ಇಳಿಸಿ, ಊರೆಲ್ಲ ಕೇಳೋ ಹಾಗೆ ಕೂಗಿದಳು:

"ಲಿಯಾನ್! ಹಂದಿ ಕಾಯೋ ಲಿಯಾನ್! ನಿನ್ನ ಮಗನ ಅರಮನೆ ಇದು, ಬಾ, ಉಣ್ಣು!"

ಒಳಗೆ ಗಂಟೆ ಹಾಗೇ ನೇತಾಡ್ತಿತ್ತು. ಇಲ್ಲದ ಗಂಡಸಿಗೆ ಹೆಂಡತಿ ಎಲ್ಲಿಂದ ತರ್ತಾರೆ? ಅಪ್ಪನ ಹೆಸರನ್ನ ಶೆನ್ ತಾನೇ ಅಳಿಸಿದ್ದ, ತಾಯಿಯನ್ನ ಅವನೇ ದಬ್ಬಿದ್ದ. ದೊಡ್ಡ ಸಿಂಹಾಸನದಲ್ಲಿ ಯಾರ ಮಗನೂ ಅಲ್ಲದೆ ಕೂತಿದ್ದ.

ಕಥೆ ಅಲ್ಲಿಗೆ, ನೀವು ಮನೆಗೆ. ದಾರೀಲಿ ಯಾರ ಮಗ ಅಂತ ಯಾರಾದ್ರೂ ಕೇಳಿದ್ರೆ ನಿಜ ಹೇಳಿ.