ಮೂವತ್ತು ಆಂಪಿಯರ್ ಮೇಸ್ತ್ರಿ

ಅಲ್ಲಾ ಮಗಳೇ, ಗುಜರಿಗೆ ಹಾಕೋದಾ? ನನ್ನ ಸೈಕಲ್ಲನ್ನ? ಸರಿ ಸರಿ, ನಿನ್ನ ಸೈಕಲ್ಲು. ಆದ್ರೆ ಅದಕ್ಕೆ ಮೋಟಾರು ಕೂರಿಸಿದ್ದು ಯಾರು? ಈ ಚಿಕ್ಕಪ್ಪ! ಏಳಬೇಡ, ಕೂತಿರು. ಪ್ಲಾಸ್ಟರ್ ಹಾಕಿದ ಕೈ ಎತ್ತಿ ಬೇಡ ಬೇಡ ಅಂದ್ರೆ ಟ್ರಾಫಿಕ್ ಪೊಲೀಸ್ ಥರ ಕಾಣ್ತೀಯ... ನಗಲ್ವಾ? ಹೋಗ್ಲಿ.

ನೋಡು, ಹೊಸ ಕಂಟ್ರೋಲರ್ ತಂದಿದ್ದೀನಿ. ಬ್ಯಾಟರಿ ಉಗ್ರಾಣ, ಮೋಟಾರು ಆಳು, ಎಷ್ಟು ಕರೆಂಟ್ ಅಳೆದು ಕೊಡಬೇಕು ಅನ್ನೋ ಮೇಸ್ತ್ರಿ ಈ ಡಬ್ಬಿ. ಹದಿನೈದು ಆಂಪಿಯರ್. ಸಾಧುಪ್ರಾಣಿ. ಮೂರು ದಿನ ತಲೆ ಕೆಡಿಸ್ಕೊಂಡು ನಾನೇ ಆರಿಸಿದ್ದು... ಯಾಕೆ ಹಾಗೆ ನೋಡ್ತೀಯ? ಆಯ್ತಪ್ಪಾ, ಮೊದಲೇ ಇದನ್ನ ಚೀಟಿಯಲ್ಲಿ ಬರೆದುಕೊಟ್ಟವಳು ನೀನು. ಒಪ್ಪಿದೆ. ನಾನು ತಂದದ್ದು ಮೂವತ್ತರದ್ದು. ಆವತ್ತು ಅಂಗಡಿಯವನು ಎರಡನ್ನೂ ಕೈಗಿಟ್ಟ. ಇದು ಬೆಂಕಿಪೊಟ್ಟಣ, ಅದು ಇಟ್ಟಿಗೆ! "ಲಾರಿ ಎಳೀಬೇಕಾ ಸಾರ್?" ಅಂದ. ನಮ್ಮ ಹುಡುಗಿ ಬಟ್ಟೆಗಂಟಿನ ಜೊತೆ ಬೀದಿಯನ್ನೇ ಎಳ್ಕೊಂಡು ಏರು ಹತ್ತುತ್ತಾಳೆ, ಕೊಡಯ್ಯ ಅಂದೆ!

ಮೊದಲ ದಿನ ನೆನಪಿದೆಯಾ? ಇಡೀ ಬೀದಿ ನೆರೆದಿತ್ತು. ಅರ್ಧ ಗಂಟೆಯಿಂದ ಮಿಸುಕದ ಮೋಟಾರು, ನಾನು ಒಂದ್ಸಲ ಬಗ್ಗಿ ಎದ್ದೆ ನೋಡು, ಗುಂಯ್ ಅಂತು! ಚಪ್ಪಾಳೆಯೋ ಚಪ್ಪಾಳೆ. ಎದುರುಮನೆ ಲೈನ್‌ಮನ್ ಕೂಡ "ಏನ್ ಮಾಡಿದ್ರಿ?" ಅಂದ. ಕೈಗುಣ ಕಣಯ್ಯ ಅಂದೆ.

ಅದಿರಲಿ... ನೀನು ನನ್ನ ಹತ್ರ ತಪ್ಪಾಯ್ತು ಅನ್ನಬೇಡ. ಇಳಿಜಾರಲ್ಲಿ ಬ್ರೇಕ್ ಹಿಡಿಯೋವಾಗ ಗಾಬರಿಯಾಗಿ ಎಕ್ಸಲೇಟರನ್ನೂ ತಿರುಗಿಸಿಬಿಟ್ಟೆ, ಈ ಕೈಯನ್ನ ಇನ್ನು ನಂಬೋ ಹಾಗಿಲ್ಲ ಅಂತ ಆಸ್ಪತ್ರೆಯಲ್ಲಿ ಅಂದ್ಯಲ್ಲ... ಬೇಡ. ಹೊಸಬರು ಗಾಬರಿ ಬೀಳೋದು ಸಹಜ ಅಂತ ಬೀದಿಗೆಲ್ಲ ನಾನೇ ಹೇಳಿದ್ದೀನಿ. ನಿನ್ನ ಪರವಾಗಿ!

ಏ, ಆ ಹಳೇ ಡಬ್ಬಿ ಯಾಕೆ ಎತ್ಕೊಂಡೆ? ಇಡು, ಕೈಯೆಲ್ಲ ಗ್ರೀಸ್ ಆಗುತ್ತೆ. ಎಡಗೈಯಲ್ಲಿ ಆ ಟೇಪ್ ಬಿಚ್ಚೋ ಸಾಹಸ ಯಾಕೆ? ಅದು ಬ್ರೇಕ್ ವೈರು ಅಷ್ಟೆ. ಬ್ರೇಕ್ ಹಿಡಿದ ತಕ್ಷಣ ಮೋಟಾರಿಗೆ ಕರೆಂಟ್ ನಿಲ್ಲಿಸೋದು. ನೀನು ಬಿದ್ದಾಗ ಕಿತ್ತುಹೋಗಿದೆ.

ಕಿತ್ತುಹೋಗಿದೆ ಅಂದ್ನಲ್ಲ...

ಬೆರಳಲ್ಲಿ ವೈರಿನ ತುದಿ ಯಾಕೆ ಸವರ್ತೀಯ... ಗೊತ್ತು, ಟೈಲರ್ ನೀನು. ಹರಿದ ಅಂಚು ಯಾವುದು, ಕತ್ತರಿ ಆಡಿದ ಅಂಚು ಯಾವುದು ಅಂತ ನಿನಗೆ ನಾನು ಹೇಳಿಕೊಡಬೇಕಾ?

ಮೋಟಾರು ತಿರುಗ್ತಿರಲಿಲ್ಲ ಕಣೇ. ನಿನ್ನ ಬ್ರೇಕಿಗೂ ಆ ಇಟ್ಟಿಗೆಗೂ ಹೊಂದಲಿಲ್ಲ. ಯಾರೋ ಬ್ರೇಕ್ ಹಿಡಿದೇ ಇದ್ದಾರೆ ಅಂತ ಅದು ತಿಳ್ಕೊಂಡು ಕೂತಿತ್ತು. ಬೀದಿಯೆಲ್ಲ ನೋಡ್ತಿತ್ತು. ಬಗ್ಗಿದೆ... ಕಟ್. ಅಷ್ಟೇ ಕೈಗುಣ. ಆಮೇಲೆ ಸರಿ ಮಾಡೋಣ ಅಂದ್ಕೊಂಡೆ, ಚಪ್ಪಾಳೆಯಲ್ಲಿ ಮರೆತೆ... ಇಲ್ಲ. ಮರೆತಿರಲಿಲ್ಲ. ಬ್ರೇಕ್ ಹಿಡಿದ್ರೆ ಸಾಕು, ಎಕ್ಸಲೇಟರ್ ತಿರುಗಿದ್ರೂ ಮೋಟಾರು ತಾನೇ ನಿಲ್ಲುತ್ತೆ ಅಂತ ನಿನ್ನನ್ನ ಹತ್ತಿಸಿ ಕಳಿಸಿದವನೂ ನಾನೇ.

ನೀನು ಬ್ರೇಕ್ ಹಿಡಿದಿದ್ದೆ. ಆ ಕೈ ತಪ್ಪು ಮಾಡಿಲ್ಲ ಮಗಳೇ.

ಅಡುಗೆಮನೆಯಲ್ಲಿರೋ ನಿಮ್ಮಮ್ಮನ ಕಡೆ ಯಾಕೆ ನೋಡ್ತೀಯ?... ಈಗಲೇ ಹೇಳ್ಬೇಕಾ? ನಾಳೆ ಬಂದು ನಿಧಾನವಾಗಿ... ಆಯ್ತು. ಹಾಗೆ ನೋಡಬೇಡ, ಆಯ್ತು.

ಅತ್ತಿಗೇ... ಒಂದು ನಿಮಿಷ ಈಚೆ ಬನ್ನಿ. ಹಾಗೇ ಎದುರುಮನೆ ಲೈನ್‌ಮನ್ನನ್ನೂ ಕರೀರಿ.