ಸ್ಕ್ರೂ ಮೇಲಿನ ಕೆಂಪು ಚುಕ್ಕೆ

ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡು. ಇಡಮ್ಮ... ಬೆಳಿಗ್ಗೆಯಿಂದ ನನ್ನ ಹತ್ರ ಮಾತಿಲ್ಲ ಕತೆಯಿಲ್ಲ, ಈಗ ಅಂಗಡಿಗೆ ನುಗ್ಗಿ ನಮ್ಮನೆ ಹಳೇ ಟೇಪ್‌ರೆಕಾರ್ಡರ್ ಹೊಟ್ಟೆ ಬಿಚ್ಚಿ ಕೂತಿದ್ದೀಯ! ಇಪ್ಪತ್ತೈದು ವರ್ಷ ಟೇಪು ರಿಪೇರಿ ಮಾಡಿದ ನಿಮ್ಮಪ್ಪ ಇಲ್ಲೇ ನಿಂತಿದ್ದೀನಿ, ಕಾಣಿಸ್ತಿಲ್ವಾ?

ಆರ್ಕೆಸ್ಟ್ರಾ ಮೇಷ್ಟ್ರು ಫೋನ್ ಮಾಡಿದ್ರು. ನೀನು ಈ ಟೇಪಿನ ಹಾಡನ್ನೇ ಜೋಗುಳದ ಹಾಗೆ ಹಾಡಿದೆ, ಎಲ್ಲರೂ ನಕ್ಕರು. ಆಮೇಲೆ ಅದೇ ಹಾಡಿನ ಅಸಲು ರೆಕಾರ್ಡ್ ಹಾಕಿದ್ರು... ಕುಣಿಯೋ ಹಾಡಂತೆ. ಹಾಡಿರೋದು ಹೆಂಗಸಂತೆ. ಸರಿ, ಅಷ್ಟಕ್ಕೇ ಇನ್ನು ಹಾಡೋದೇ ಇಲ್ಲ ಅಂತ ಅಮ್ಮನ ಹತ್ರ ಅಂದ್ಯಾ?

ನಗ್ತಿಲ್ಲ ಕಣೇ, ಕೆಮ್ಮು! ಅಲ್ಲ... ಐದು ವರ್ಷದವಳಿದ್ದಾಗ ‘ಟೇಪೊಳಗಿನ ಮಾಮನ್ನೇ ಮದುವೆ ಆಗ್ತೀನಿ’ ಅಂತ ಹಟ ಹಿಡಿದಿದ್ದೆ. ಈಗ ನೋಡಿದ್ರೆ ಮಾಮ ಹೋಗಿ ಅತ್ತೆ ಆಗಿಬಿಟ್ರು... ಸರಿ ಸರಿ, ಬಾಯಿ ಮುಚ್ಚಿದೆ.

ಟೇಪು ನಿಧಾನ ಓಡ್ತಿತ್ತು, ನಿಜ. ಕರೆಂಟಮ್ಮ, ಕರೆಂಟು! ನಮ್ಮ ಬೀದಿ ವೋಲ್ಟೇಜು... ಏನು ತೋರಿಸ್ತಿದ್ದೀಯ? ಓ, ಇದು ಬ್ಯಾಟರಿಯದ್ದಾ. ಹಾಗಾದ್ರೆ ಬ್ಯಾಟರಿ ವೀಕು! ಹದಿನೈದು ವರ್ಷವೂ ವೀಕೇ! ಹಾಗೆ ನೋಡಬೇಡ... ಬೆಲ್ಟು ಸಡಿಲ ಆಗಿರುತ್ತೆ. ಬಿಗಿಯಾಗೇ ಇದೆಯಾ?

ನನ್ನ ಕೆಲಸದ ಮೇಲೇ ಅನುಮಾನವಾ? ಒಂದು ಸಲ ಸ್ಕ್ರೂ ತಿರುಗಿಸಿ, ನಿಮ್ಮಮ್ಮನ ನೇಲ್ ಪಾಲಿಶಲ್ಲಿ ಮೇಲೊಂದು ಕೆಂಪು ಚುಕ್ಕೆ ಇಟ್ಟೆ ಅಂದ್ರೆ ಮುಗೀತು, ಆಮೇಲೆ ಅದು ಅಲ್ಲಾಡಲ್ಲ. ಇದರ ಸ್ಪೀಡ್ ಸ್ಕ್ರೂ ಮಾತ್ರ ನಾನು ಮುಟ್ಟೇ ಇಲ್ಲ, ತಾನಾಗೇ ತಿರುಗಿರುತ್ತೆ... ಯಾಕೆ ಬೆರಳು ತೋರಿಸ್ತೀಯ? ಇರು, ಕನ್ನಡಕ ಹಾಕ್ಕೊಳ್ತೀನಿ.

ಓ. ಚುಕ್ಕೆ. ಕೆಂಪಗೇ ಇದೆ, ಅಲ್ವಾ.

ಆರು ತಿಂಗಳ ಕೂಸು ನೀನು. ಕ್ಯಾಸೆಟ್ ನಿಂತರೆ ಸಾಕು, ಮನೆ ಹಾರಿಹೋಗೋ ಹಾಗೆ ಕಿರುಚ್ತಿದ್ದೆ. ಒಂದು ಸೈಡು ಅರ್ಧ ಗಂಟೆ. ನಿಧಾನ ಮಾಡಿದ್ರೆ ನಲವತ್ತು ನಿಮಿಷ. ಮಧ್ಯಾಹ್ನ ಹತ್ತು ನಿಮಿಷ ಜಾಸ್ತಿ ನಿದ್ದೆ ಕಣೇ, ಅಷ್ಟೇ ಆಸೆ! ನಿನಗೆ ಮೂರು ವರ್ಷ ಆದಾಗ ಸರಿ ಮಾಡಿದೆ. ‘ಮಾಮನ್ನ ನಾಯಿ ಅಟ್ಟಿಸಿಕೊಂಡು ಬರ್ತಿದೆ’ ಅಂತ ಮಂಚದ ಕೆಳಗೆ ಸೇರಿಕೊಂಡೆ. ಮತ್ತೆ ತಿರುಗಿಸಿ ಚುಕ್ಕೆ ಇಟ್ಟೆ. ಏನ್ ಮಾಡ್ಲಿ?

ಇಷ್ಟೇ. ಇನ್ನೇನೂ ಇಲ್ಲ... ಅಲ್ಲಿ ಯಾಕೆ ನೋಡ್ತೀಯ? ಅದು ನರ್ಸಮ್ಮನ ಟೇಪು, ರಿಪೇರಿಗೆ ಬಂದಿರೋದು. ಬಿಚ್ಚಬೇಡ! ಬಿಚ್ಚಬೇಡ ಅಂದ್ನಲ್ಲ...

ಹೂಂ. ಅದರಲ್ಲೂ ಇದೆ.

ಅವರ ಮನೆಯಿಂದ ಅಳ್ತಾ ಬಂದಿದ್ದೆಯಲ್ಲ, ಎಂಟು ವರ್ಷ ಆಗ. ‘ಅಪ್ಪ, ಅವರ ಹಾಡಿಗೆ ಜ್ವರ ಬಂದಿದೆ, ಏದುಸಿರು ಬಿಡ್ತಾ ಓಡ್ತಿದೆ, ವಾಸಿ ಮಾಡು.’ ಮಾಡಿದೆ. ಆಮೇಲೆ ಬಡಗಿ ಮನೆಯದು. ಆಮೇಲೆ ಕಟಿಂಗ್ ಶಾಪಿಂದು. ಅಲ್ಲಿ ತಲೆ ಕೊಟ್ಟರೆ ಒಂದು ಗಂಟೆ ಅಂತ ಜನ ಬೈತಿದ್ರು, ಪಾಪ, ಅವನ ತಪ್ಪಲ್ಲ... ನಿನ್ನ ಶಾಲೆಯದೂ. ಇಡೀ ಶಾಲೆ ಸೊಂಟದುದ್ದ ನೀರಲ್ಲಿ ನಡೆದ ಹಾಗೆ ಡ್ರಿಲ್ ಮಾಡ್ತಿತ್ತು!

ಯಾಕೆ ಅಂತ ಕೇಳ್ತೀಯಾ? ನೀನು ಕಣ್ಣು ಮುಚ್ಚಿಕೊಂಡು ಹಾಡ್ತಿದ್ದೆ ಮಗಳೇ... ಅದು ತಪ್ಪು ಅಂತ ಯಾರ ಬಾಯಲ್ಲೂ ಬರಬಾರದು ಅಂತ. ಅಷ್ಟೇ. ಹಾಡೋದು ಬಿಡಬೇಡ. ನನಗೆ ಬೇಕು ಅದು.

ಸರಿ, ನೀನೇ ತಿರುಗಿಸು. ಬಲಕ್ಕೆ. ಅಸಲು ಸ್ಪೀಡಿಗೇ ಬರಲಿ. ಹಾಕು... ಅಯ್ಯಯ್ಯೋ, ಏನಿದು! ಒಲೆ ಮೇಲೆ ಹಾಲಿಟ್ಟು ಬಂದಿದ್ದಾರಾ ಈಯಮ್ಮ? ಯಾಕಿಷ್ಟು ಅವಸರ! ನೀನ್ಯಾಕೆ ನಗ್ತೀಯ?

ಮತ್ತೆ ಎಡಕ್ಕಾ? ಇನ್ನೊಂದು ಚೂರು... ಇನ್ನೊಂದು... ಹಾಂ, ಸಾಕು. ಬಂದ ನೋಡು ಮಾಮ.

ನೇಲ್ ಪಾಲಿಶ್ ಸೀಸೆ ಯಾಕೆ ನನ್ನ ಕೈಗೆ? ಇದಕ್ಕಾ? ಹೀಗೇ ಇರಲಿ ಅಂತಲಾ?

ಇರು, ಕನ್ನಡಕ ಒರೆಸ್ಕೊಳ್ತೀನಿ. ನೀನು ಗುನುಗ್ತಾ ಇದ್ದೆಯಲ್ಲ, ನಿಲ್ಲಿಸಬೇಡ... ಇಟ್ಟೆ ನೋಡು ಚುಕ್ಕೆ. ಇನ್ನು ಅಲ್ಲಾಡಲ್ಲ.