ಸೂಚನಾ ಫಲಕದಲ್ಲಿದ್ದ ನನ್ನ ಹೆಸರನ್ನು ನಾನೇ ಹೊಡೆದುಹಾಕಿದ ಬಗ್ಗೆ

ನನ್ನ ಹೆಸರು ಮೈಸೂನ್, ತಂದೆ ಅವ್ವಾದ್ ಸಾಲಿಂ ಅಲ್-ರವಾಶ್ದೆ, ವಯಸ್ಸು 47 ವರ್ಷ, ಅವಿವಾಹಿತೆ, ಉದ್ಯೋಗ ವಾದಿ ಬುತುಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ದಾಖಲೆ ವಿಭಾಗದ ಮುಖ್ಯಸ್ಥೆ, ವಾಸ ಕರಕ್ ಪಟ್ಟಣದಿಂದ ದಕ್ಷಿಣಕ್ಕೆ 18 ಕಿ.ಮೀ. ದೂರದ ಹಳ್ಳಿಯಲ್ಲಿ, ಶಾಲೆಯ ಹಿಂದಿನ ಬೀದಿಯಲ್ಲಿರುವ ತಂದೆಯ ಮನೆ. ಇಂದು ದಿನಾಂಕ 30-10-2022ರ ಭಾನುವಾರ ಬೆಳಿಗ್ಗೆ 9.20ಕ್ಕೆ ಠಾಣೆಗೆ ಹಾಜರಾಗಿ, ಕ್ಯಾಪ್ಟನ್ ಲುವೈ ಅವರ ಎದುರು ಕುಳಿತು ನನ್ನ ಸ್ವಂತ ಮಾತಿನಲ್ಲಿ ಬರೆಸುತ್ತಿರುವುದೇನೆಂದರೆ:

ದಿನಾಂಕ 26ರಂದು ನಾನು ಆಡಳಿತ ಕಟ್ಟಡದ ಸೂಚನಾ ಫಲಕದಲ್ಲಿದ್ದ ಅಧಿಕೃತ ಪತ್ರವನ್ನು ವಿರೂಪಗೊಳಿಸಿದೆನೆಂದು ವಿಶ್ವವಿದ್ಯಾಲಯದವರು ದೂರು ಕೊಟ್ಟಿದ್ದಾರೆ. ಆ ಪತ್ರದ ಕೊನೆಯಲ್ಲಿ ಏಳು ಹೆಸರುಗಳಿದ್ದವು. ಅದರಲ್ಲಿ ಒಂದನ್ನು ಹೊಡೆದುಹಾಕಿದ್ದೇನೆ. ಅದು ನನ್ನದು. ಉಳಿದ ಆರರ ತಂಟೆಗೆ ನಾನು ಹೋಗಿಲ್ಲ. ಯಾರದೋ ಪ್ರಚೋದನೆಯಿಂದ ಹೀಗೆ ಮಾಡಿದ್ದೇನೆ ಎಂದೂ ದೂರಿನಲ್ಲಿದೆ. ನಲವತ್ತೇಳು ವರ್ಷದ ನನಗೆ ಒಂದು ಗೆರೆ ಎಳೆಯಲು ಇನ್ನೊಬ್ಬರ ಪ್ರಚೋದನೆ ಬೇಕಾಗಿಲ್ಲ.

ಈ ವರ್ಷದ ಮೇ ತಿಂಗಳಲ್ಲಿ, ವಿದ್ಯಾರ್ಥಿಗಳೂ ಸಿಬ್ಬಂದಿಯೂ ಸಾಮಾಜಿಕ ಜಾಲತಾಣಗಳನ್ನು ಹೇಗೆ ಬಳಸಬೇಕೆಂಬ ನಿಯಮಾವಳಿ ಬರೆಯಲು ಏಳು ಜನರ ಸಮಿತಿ ರಚನೆಯಾಯಿತು. ಕಾನೂನು ವಿಭಾಗದ ಡಾ. ರಕ್ಕಾದ್ ಅಧ್ಯಕ್ಷರು, ನಾನು ಕಾರ್ಯದರ್ಶಿ. ಹನ್ನೊಂದು ಸಭೆಗಳು ನಡೆದವು. ಮೊದಲ ಸಭೆಗೆ ಬಂದ ಕರಡು ಯಾವುದೋ ಹೊರದೇಶದ ವಿಶ್ವವಿದ್ಯಾಲಯದ್ದನ್ನು ಇದ್ದಂತೆಯೇ ಇಳಿಸಿಕೊಂಡದ್ದು. ಅದರ ಮೂರನೇ ಪುಟದಿಂದ ದೋಣಿ ಓಟದ ತಂಡದವರು ತಮ್ಮ ಚಿತ್ರಗಳನ್ನು ಹೇಗೆ ಹಾಕಬೇಕೆಂದು ಒಂದೂವರೆ ಪುಟ ಬರೆದಿತ್ತು. ಮೃತ ಸಮುದ್ರ ಬಿಟ್ಟರೆ ನಮಗೆ ದೋಣಿ ಬಿಡಲು ನೀರೆಲ್ಲಿದೆ, ಅಲ್ಲಿ ಮುಳುಗಬೇಕೆಂದರೂ ಆಗುವುದಿಲ್ಲವಲ್ಲ ಎಂದು ನಾನು ಕೇಳಿದೆ. ಅದನ್ನು ಬದಿಗಿಟ್ಟು ನಮ್ಮದನ್ನು ನಾವೇ ಬರೆಯಲು ಕುಳಿತೆವು. ಎರಡನೇ ಸಭೆಯಲ್ಲಿ ಒಬ್ಬ ಸದಸ್ಯರು ಎಲ್ಲ ವಿದ್ಯಾರ್ಥಿಗಳ ಖಾತೆಯ ಪಾಸ್‌ವರ್ಡ್ ಬರೆಸಿಕೊಳ್ಳೋಣ ಎಂದರು. ಹಾಗಾದರೆ ಮೊದಲು ನಿಮ್ಮದನ್ನು ಈ ಹಾಳೆಯ ಮೇಲೆ ಬರೆಯಿರಿ ಎಂದು ನಾನು ಪೆನ್ನು ಕೊಟ್ಟೆ. ಆಮೇಲೆ ಆ ಮಾತು ಬರಲಿಲ್ಲ.

ಅತಿ ಹೆಚ್ಚು ಹೊತ್ತು ಹಿಡಿದದ್ದು ಏಳನೇ ನಿಯಮ. ವಿಶ್ವವಿದ್ಯಾಲಯದ ಬಗ್ಗೆ ವಿದ್ಯಾರ್ಥಿ ಕಟುವಾಗಿ ಬರೆದರೆ ಏನು ಮಾಡಬೇಕೆಂಬುದೇ ಅದರ ವಿಷಯ. ನಾಲ್ಕು ಸಭೆಗಳು ಅದೊಂದಕ್ಕೇ ಹೋದವು. ಒಂದು ದಿನ ಡಾ. ರಕ್ಕಾದ್ ಅವರೂ ನಾನೂ ಮಧ್ಯಾಹ್ನದ ಊಟ ಬಿಟ್ಟು ವಾದ ಮಾಡಿದ್ದೇವೆ. ಕೊನೆಗೆ ಎಲ್ಲರೂ ಒಪ್ಪಿದ ಮೂರು ವಾಕ್ಯಗಳನ್ನು ನಾನು ಬರೆದೆ. ಆ ಮೂರು ವಾಕ್ಯಗಳ ಬಗ್ಗೆ ನನಗೆ ಹೆಮ್ಮೆ ಇತ್ತು, ಈಗಲೂ ಇದೆ.

ದಿನಾಂಕ 29-9-2022ರ ಗುರುವಾರ ಮಧ್ಯಾಹ್ನ 1.10ಕ್ಕೆ ಏಳು ಜನರೂ ಸಹಿ ಮಾಡಿದೆವು. ನಿಯಮಾವಳಿಯಲ್ಲಿ ಹದಿನಾಲ್ಕು ಪುಟಗಳಿದ್ದವು. ನಾವು ಕೊನೆಯ ಪುಟಕ್ಕೆ ಮಾತ್ರ ಸಹಿ ಹಾಕಿದೆವು. ನಮ್ಮಲ್ಲಿ ಲಾಗಾಯ್ತಿನಿಂದ ಹಾಗೆಯೇ. ಮರುದಿನ ಶುಕ್ರವಾರದ ರಜೆ, ಎಲ್ಲರಿಗೂ ಊರಿನ ಬಸ್ಸು ಹಿಡಿಯುವ ಆತುರ. ಆ ಕೊನೆಯ ಹಾಳೆಯನ್ನು ಒಬ್ಬೊಬ್ಬರ ಮುಂದೆ ಹಿಡಿದವಳು ನಾನೇ. ಈ ಪ್ರಕರಣದಲ್ಲಿ ನನ್ನದೆಂದು ಒಂದು ತಪ್ಪಿದ್ದರೆ ಅದು ಇದು.

ದಿನಾಂಕ 16-10-2022ರಂದು ನಿಯಮಾವಳಿ ಸೂಚನಾ ಫಲಕದಲ್ಲಿಯೂ ವಿಶ್ವವಿದ್ಯಾಲಯದ ಜಾಲತಾಣದಲ್ಲಿಯೂ ಪ್ರಕಟವಾಯಿತು. ನಾವೇ ಬರೆದದ್ದನ್ನು ಮತ್ತೇನು ಓದುವುದೆಂದು ನಾನು ಓದಲಿಲ್ಲ.

ದಿನಾಂಕ 20ರ ಗುರುವಾರ 11.45ಕ್ಕೆ ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ ಘೈದಾ, ವಯಸ್ಸು 20, ನನ್ನ ಕೋಣೆಗೆ ಬಂದಳು. ಆಕೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿರುವವಳು. ಎರಡು ದಿನ ಮೊದಲು ಹಾಸ್ಟೆಲಿನ ಮಾಳಿಗೆ ಹತ್ತಿ, ನೀರಿನ ತೊಟ್ಟಿಯ ಮುಚ್ಚಳ ತೆಗೆದು 38 ಸೆಕೆಂಡಿನ ವಿಡಿಯೊ ಮಾಡಿ ಹಾಕಿದ್ದಳು. ತೊಟ್ಟಿಯಲ್ಲಿ ಎರಡು ಸತ್ತ ಪಾರಿವಾಳಗಳಿದ್ದವು. ನಾವು ಚಹಾ ಮಾಡಿಕೊಳ್ಳುವುದು ಇದೇ ನೀರಿನಲ್ಲಿ, ಅದಕ್ಕೆ ಪುದೀನ ಹಾಕಬೇಕಾಗಿಲ್ಲ, ರೆಕ್ಕೆ ಸಾಕು ಎಂದು ಅದರಲ್ಲಿ ಹೇಳಿದ್ದಳು. ವಿಶ್ವವಿದ್ಯಾಲಯದ ಹೆಸರನ್ನು ಎಲ್ಲಿಯೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಮ್ಮವರೇ ಅದು ತಮ್ಮ ತೊಟ್ಟಿ ಎಂದು ಗುರುತಿಸಿ, ಅವಳನ್ನು ವಿಶ್ವವಿದ್ಯಾಲಯದಿಂದಲೇ ಹೊರಹಾಕುವ ಆದೇಶ ಕೊಟ್ಟಿದ್ದರು. ಏಳನೇ ನಿಯಮದ ಪ್ರಕಾರ ಎಂದು ಬರೆದು, ನಿಯಮಾವಳಿಯನ್ನೂ ಸಹಿಗಳ ಸಮೇತ ಲಗತ್ತಿಸಿದ್ದರು. ಹುಡುಗಿ ಅಳುತ್ತಿರಲಿಲ್ಲ. ಆ ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದಳು:

"ಮೇಡಂ, ಕೆಳಗೆ ನಿಮ್ಮ ಹೆಸರಿದೆ. ಇದು ನೀವು ಬರ್ದಿದ್ದಾ?"

ಓದಿದೆ. ಏಳನೇ ನಿಯಮದಲ್ಲಿ, ವಿಶ್ವವಿದ್ಯಾಲಯದ ಘನತೆಗೆ ಕುಂದು ತರುವಂಥದ್ದನ್ನು ಹಾಕಿದ ವಿದ್ಯಾರ್ಥಿಯನ್ನು, ಹಾಕಿದ್ದು ನಿಜವಿರಲಿ ಸುಳ್ಳಿರಲಿ, ವಿಚಾರಣೆ ಇಲ್ಲದೆ ಹೊರಹಾಕಬಹುದು ಎಂದಿತ್ತು. ನಮ್ಮ ಮೂರು ವಾಕ್ಯಗಳಲ್ಲಿ ಒಂದೂ ಇರಲಿಲ್ಲ. ಸಹಿಯ ಹಾಳೆ ನಮ್ಮದು, ಒಳಗಿನ ಹಾಳೆ ಯಾರದೋ. ನನಗೆ ನಾಚಿಕೆಯಾಯಿತು. ನಾನು ಬರೆದದ್ದಲ್ಲ ಎಂದು ಹೇಳಿದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಹೀಗೆ ಹೊರಹಾಕಿಸಿಕೊಂಡವರನ್ನು ಬೇರೆ ವಿಶ್ವವಿದ್ಯಾಲಯಗಳೂ ಸೇರಿಸಿಕೊಳ್ಳುವುದಿಲ್ಲ. ಅಂಥವರ ಕಡತಕ್ಕೆ ದಾರ ಕಟ್ಟಿ ಕಪಾಟಿಗೆ ಸೇರಿಸುವ ವಿಭಾಗ ನನ್ನದೇ ಆದ್ದರಿಂದ ಇದು ನನಗೆ ಚೆನ್ನಾಗಿ ಗೊತ್ತು.

ಅದೇ ದಿನ 12.30ಕ್ಕೆ ಡಾ. ರಕ್ಕಾದ್ ಅವರನ್ನು ಕಂಡೆ. ಮೇಲಿನವರು ಭಾಷೆಯನ್ನು ಸ್ವಲ್ಪ ನಯಗೊಳಿಸಿದ್ದಾರೆ ಅಷ್ಟೇ ಎಂದರು. ನಿಜವಿರಲಿ ಸುಳ್ಳಿರಲಿ ಎಂಬುದು ಯಾವ ಸೀಮೆಯ ನಯ ಎಂದು ಕೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದರು.

"ಮೈಸೂನ್, ನನ್ ರಿಟೈರ್‌ಮೆಂಟಿಗೆ ಇನ್ನು ಹದಿನಾಲ್ಕು ತಿಂಗಳಿದೆ. ನನ್ನ ಬಿಟ್ಬಿಡಮ್ಮ."

ಬಿಟ್ಟೆ. ಅವರ ಮೇಲೆ ನನಗೆ ದೂರಿಲ್ಲ, ಗೌರವವೂ ಉಳಿದಿಲ್ಲ.

ದಿನಾಂಕ 23ರ ಭಾನುವಾರ ಕಚೇರಿಗೆ ಹೋದಾಗ ನನ್ನ ಕಂಪ್ಯೂಟರಿನಲ್ಲಿದ್ದ ಹನ್ನೊಂದೂ ಸಭೆಗಳ ನಡಾವಳಿ ಮತ್ತು ಕರಡುಗಳು ಇರಲಿಲ್ಲ. ವೈರಸ್ ತೆಗೆದೆವು ಎಂದು ಕಂಪ್ಯೂಟರ್ ವಿಭಾಗದವರು ತಿಳಿಸಿದರು. ವೈರಸ್ಸು ಬಹಳ ಜಾಣ, ಅದೊಂದೇ ಕಡತವನ್ನು ಹುಡುಕಿ ತಿಂದಿದೆ ಎಂದೆ. ಅಂದು, ಮರುದಿನ ಮತ್ತು ಅದರ ಮರುದಿನ, ಏಳನೇ ನಿಯಮ ಬದಲಾಗಿದೆ ಎಂಬ ಅರ್ಜಿಯನ್ನು ಟಪಾಲು ವಿಭಾಗಕ್ಕೆ ಒಯ್ದೆ. ಮೂರು ದಿನವೂ ಅದನ್ನು ದಾಖಲಿಸಿಕೊಂಡು ನಂಬರ್ ಹಾಕಲು ಅವರು ಒಪ್ಪಲಿಲ್ಲ. ಘೈದಾಳ ಮೇಲ್ಮನವಿ ಬರುವ ಬುಧವಾರ, ನವೆಂಬರ್ 2ರಂದು 10 ಗಂಟೆಗೆ ಇದೆ. ಅಲ್ಲಿ ನಾನೇ ಬಂದು ಸಾಕ್ಷಿ ಹೇಳುತ್ತೇನೆ ಎಂದು ಮೇಲ್ಮನವಿ ಗುಮಾಸ್ತರಿಗೆ ಹೇಳಿದೆ. ಬಾಯಿಮಾತು ನಡೆಯುವುದಿಲ್ಲ, ಯಾವುದಾದರೂ ಸರ್ಕಾರಿ ಕಚೇರಿಯ ನಂಬರ್ ಮತ್ತು ಮೊಹರು ಇರುವ ಕಾಗದ ತನ್ನಿ ಎಂದರು.

ದಿನಾಂಕ 26ರ ಬುಧವಾರ ಬೆಳಿಗ್ಗೆ 8.40ಕ್ಕೆ ಸೂಚನಾ ಫಲಕದ ಬಳಿ ಹೋದೆ. ಮಾರ್ಕರ್ ಪೆನ್ನು ಕಚೇರಿಯದಲ್ಲ, ನಾನು ಅಂಗಡಿಯಲ್ಲಿ ಕೊಂಡದ್ದು. ಫಲಕದಿಂದ ನಾಲ್ಕು ಮೀಟರ್ ದೂರದಲ್ಲಿ ಕಾವಲುಗಾರ ಅಬೂ ಸೈಫ್ ಎಳ್ಳಿನ ಬ್ರೆಡ್ಡಿಗೆ ಮೊಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದರು. ಇಲ್ಲಿ ನೋಡಿ, ಆಮೇಲೆ ನೋಡಲಿಲ್ಲ ಎನ್ನಬೇಡಿ ಎಂದು ಅವರನ್ನು ಕರೆದೆ. ನಂತರ ನನ್ನ ಹೆಸರಿನ ಮೇಲೆ ಎಡದಿಂದ ಬಲಕ್ಕೆ ಒಂದೇ ಗೆರೆ ಎಳೆದೆ. ಉದ್ದ ಸುಮಾರು ಆರು ಸೆಂಟಿಮೀಟರ್.

"ಅಕ್ಕಾ, ನಾನು ಫೋನ್ ಮಾಡ್ಲೇಬೇಕಾಗುತ್ತೆ," ಎಂದರು ಅಬೂ ಸೈಫ್.

ಬೇಗ ಮಾಡಿ, ಬ್ರೆಡ್ಡು ಆಮೇಲೂ ತಿನ್ನಬಹುದು ಎಂದೆ. ಹೇಳಿಕೆ ಬರೆಯುತ್ತಾ ಇಲ್ಲಿಗೆ ಬಂದಾಗ ಕ್ಯಾಪ್ಟನ್ ಅವರು, ಕೋಪದ ಭರದಲ್ಲಿ ಎಂದು ಸೇರಿಸಲೇ, ಪ್ರಕರಣ ಹಗುರಾಗುತ್ತದೆ ಎಂದು ಕೇಳಿದರು. ಬೇಡ ಎಂದಿದ್ದೇನೆ. ತಿಂಡಿ ತಿಂದು, ಅಪ್ಪನಿಗೆ ಮಾತ್ರೆ ಕೊಟ್ಟು, ಬಸ್ಸಿನಲ್ಲಿ ಕುಳಿತು ಬಂದು ಎಳೆದ ಗೆರೆ ಅದು.

ದಿನಾಂಕ 28ರ ಶುಕ್ರವಾರ ಸಂಜೆ 4.30ಕ್ಕೆ ನಾಲ್ಕು ಕಾರುಗಳಲ್ಲಿ ಹನ್ನೊಂದು ಜನ ಹಿರಿಯರು ನಮ್ಮ ಮನೆಗೆ ಬಂದರು. ವಿಶ್ವವಿದ್ಯಾಲಯದವರು ರಾಜಿಗೆ ಕಳುಹಿಸಿದ್ದರು. ಮುಂದಾಳು ಶೇಖ್ ಮಿಫ್ಲಿಹ್, ವಯಸ್ಸು 76. ನನ್ನ ತಮ್ಮ ಝೈದ್ ಕಾಫಿ ಸುರಿದು ಕೊಟ್ಟ. ಶೇಖರು ಬಟ್ಟಲನ್ನು ತೆಗೆದುಕೊಂಡು, ಕುಡಿಯದೆ ನೆಲದ ಮೇಲಿಟ್ಟರು. ಹನ್ನೊಂದು ಬಟ್ಟಲುಗಳೂ ನೆಲದ ಮೇಲೆ ಕುಳಿತವು. ಕೇಳಿದ್ದನ್ನು ಮನೆಯವರು ಕೊಟ್ಟರೆ ಮಾತ್ರ ಅವನ್ನು ಎತ್ತುತ್ತಾರೆ. ಅವರು ಕೇಳಿದ್ದು ಒಂದು ಚೀಟಿ. ಕೈತಪ್ಪಿ ಗೆರೆ ಬಿತ್ತು, ನನ್ನ ಸಹಿ ಊರ್ಜಿತವಿದೆ ಎಂದು ನಾನು ಬರೆದುಕೊಟ್ಟರೆ ದೂರನ್ನು ಹಿಂದಕ್ಕೆ ಪಡೆಯುತ್ತಾರೆ, ಹೇಳಿಕೆ ಠಾಣೆ ಯಾವುದೂ ಬೇಡ.

ನನ್ನ ತಂದೆಗೆ 81 ವರ್ಷ. ಬಂದ ಹಿರಿಯರಿಗೆ ಆ ಮನೆಯಲ್ಲಿ ಇಲ್ಲ ಎಂದವರಲ್ಲ. ಅವರು ಹೇಳಿದರು:

"ಮನೆ ಕೇಳಿ, ಕೊಡ್ತೀನಿ. ಇರೋ ಕುರಿಯೆಲ್ಲಾ ಹೊಡ್ಕೊಂಡು ಹೋಗಿ. ಹೆಸರು ಅವಳ್ದು, ಅವಳನ್ನೇ ಕೇಳಿ."

ನಾನು ಒಳಗಿನ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತೆ. ಓದಿದ ಹೆಣ್ಣಿಗೆ ಮಾರ್ಕರ್ ಸಿಕ್ಕರೆ ಗೋಡೆ ಉಳಿಯುವುದಿಲ್ಲ ಎಂದು ಅವರಲ್ಲೊಬ್ಬರು ನಕ್ಕರು. ಒಂದು ಹುಡುಗಿ ಮನೆಗೆ ಹೋದರೆ ಊರೇನು ಮುಳುಗುವುದಿಲ್ಲ ಮಗಳೇ ಎಂದು ಶೇಖರು ಸಮಾಧಾನ ಹೇಳಿದರು. ಏಳನೇ ನಿಯಮವನ್ನು ಯಾರಾದರೂ ಓದಿದ್ದೀರಾ ಎಂದು ಕೇಳಿದೆ. ಹನ್ನೊಂದು ಜನರಲ್ಲಿ ಒಬ್ಬರೂ ಓದಿರಲಿಲ್ಲ. ನಾವು ಬರೆದದ್ದನ್ನೂ ಈಗಿರುವುದನ್ನೂ ಬಾಯಲ್ಲಿ ಹೇಳಿದೆ. ನಂತರ ಶೇಖರನ್ನು ಕೇಳಿದೆ:

"ನಿಮ್ ಜಮೀನಿನ ಪತ್ರಕ್ಕೆ ನೀವು ಸಹಿ ಹಾಕಿದ್ಮೇಲೆ, ಒಳಗಿನ ಹಾಳೆ ಯಾರಾದ್ರೂ ಬದಲಾಯಿಸಿದ್ರೆ ನೀವು ಅವನ ಮನೆ ಕಾಫಿ ಕುಡೀತೀರಾ?"

 ಚೀಟಿ ಬರೆಯುವುದಿಲ್ಲ ಎಂದು ನಾನು ಹೇಳಿದೆ. 5.22ಕ್ಕೆ ಎಲ್ಲರೂ ಎದ್ದು ಹೋದರು. ಬಟ್ಟಲುಗಳು ತುಂಬಿದ್ದಂತೆಯೇ ಇದ್ದವು. ಅಪ್ಪ ಬಹಳ ಹೊತ್ತು ಅವನ್ನೇ ನೋಡುತ್ತಿದ್ದರು. ಈ ಮನೆಯಿಂದ ಕಾಫಿ ಕುಡಿಯದೆ ಎದ್ದು ಹೋದವರು ಇವರೇ ಮೊದಲು ಎಂದರು. ಆಮೇಲೆ ತಾವೇ ಬಗ್ಗಿ, ಮೊಣಕಾಲು ನೋವಿದ್ದರೂ, ಒಂದೊಂದಾಗಿ ಬಟ್ಟಲು ಎತ್ತಿದರು. ಝೈದನಿಗೂ ನನಗೂ ಮುಟ್ಟಲು ಬಿಡಲಿಲ್ಲ. ನನಗೆ ಅಳು ಬಂತು. ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದು ಕ್ಯಾಪ್ಟನ್ ಅವರು ಹೇಳಿದರೂ ನಾನು ಕೇಳಿ ಬರೆಸಿದ್ದೇನೆ.

ಇಷ್ಟೆಲ್ಲ ಆದ ಮೇಲೂ ಏಕೆ ಹಟ, ಸಾಧಿಸಿದ್ದೇನು ಎಂದು ಕ್ಯಾಪ್ಟನ್ ಅವರು ಕೇಳಿದರು. ನನ್ನ ಉತ್ತರ ಇದು. ನಾನು ಗೆರೆ ಎಳೆದರೆ ದೂರು ಬರುತ್ತದೆ, ದೂರು ಬಂದರೆ ಹೇಳಿಕೆ ತೆಗೆಯುತ್ತಾರೆ, ಹೇಳಿಕೆಗೆ ನಂಬರ್ ಬೀಳುತ್ತದೆ, ಮೊಹರು ಬೀಳುತ್ತದೆ. ಇಪ್ಪತ್ತಮೂರು ವರ್ಷ ಕಡತಗಳ ನಡುವೆ ಕೆಲಸ ಮಾಡಿದವಳಿಗೆ ಇಷ್ಟು ತಿಳಿಯದೆ ಇರುವುದಿಲ್ಲ. ಕೃತ್ಯದ ಕಾರಣ ಏನೆಂದು ದಾಖಲಿಸುವುದು ಠಾಣೆಯ ಕರ್ತವ್ಯ. ಕಾರಣ ಈ ಮೂರು ವಾಕ್ಯಗಳು. ಆದ್ದರಿಂದ ಇವನ್ನು ಅಕ್ಷರಶಃ ಬರೆದುಕೊಳ್ಳಬೇಕೆಂದು ಕೇಳಿದೆ. ಕ್ಯಾಪ್ಟನ್ ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು, ಮತ್ತೆ ಪೆನ್ನು ಎತ್ತಿಕೊಂಡರು.

ದಿನಾಂಕ 29-9-2022ರಂದು ಏಳು ಜನ ಸಹಿ ಮಾಡಿದ ಏಳನೇ ನಿಯಮ: ವಿದ್ಯಾರ್ಥಿಯೊಬ್ಬರು ವಿಶ್ವವಿದ್ಯಾಲಯದ ಕುರಿತು ಜಾಲತಾಣದಲ್ಲಿ ಬರೆದದ್ದು ಅಥವಾ ತೋರಿಸಿದ್ದು ನಿಜವೇ ಎಂಬುದನ್ನು ಮೂರು ದಿನಗಳೊಳಗೆ ಪರಿಶೀಲಿಸತಕ್ಕದ್ದು. ನಿಜವಾಗಿದ್ದಲ್ಲಿ ದೋಷವನ್ನು ಸರಿಪಡಿಸತಕ್ಕದ್ದು, ಹೇಳಿದವರ ಮೇಲೆ ಯಾವ ಕ್ರಮವನ್ನೂ ಜರುಗಿಸತಕ್ಕದ್ದಲ್ಲ. ಸುಳ್ಳೆಂದು ಕಂಡರೂ ವಿದ್ಯಾರ್ಥಿಯನ್ನು ಎದುರು ಕೂರಿಸಿ ಅವರ ಮಾತು ಕೇಳದೆ ಶಿಕ್ಷಿಸತಕ್ಕದ್ದಲ್ಲ.

ಈ ಹೇಳಿಕೆಯ ದೃಢೀಕೃತ ನಕಲನ್ನು ಇಂದೇ ಕೊಡಬೇಕೆಂದು ಕೋರಿದ್ದೇನೆ. ಬುಧವಾರ ಘೈದಾಳ ಕೈಯಲ್ಲಿ ಅದು ಇರುತ್ತದೆ. ನನ್ನ ಕೆಲಸ ಹೋಗಬಹುದು, ದಂಡವೂ ಬೀಳಬಹುದು. ಗೆರೆಯನ್ನು ಅಳಿಸಿ ನನ್ನ ಹೆಸರನ್ನು ಮತ್ತೆ ಬರೆದರೆ ಮತ್ತೆ ಹೊಡೆದುಹಾಕುತ್ತೇನೆ.

ಬರೆದದ್ದನ್ನು ಕ್ಯಾಪ್ಟನ್ ಅವರು ಗಟ್ಟಿಯಾಗಿ ಓದಿದರು. ನಾನೂ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ನಾನು ಹೇಳಿದ್ದೇ ಇದೆ, ಹೇಳದ್ದು ಸೇರಿಲ್ಲ. ಕೊನೆಯಲ್ಲಿ ಒಂದು ಸಹಿ ಸಾಕು ಎಂದರು. ಸಾಲದು ಎಂದೆ. ಐದು ಪುಟಗಳಿಗೂ ನಂಬರ್ ಹಾಕಿಸಿ, ಒಂದೊಂದು ಪುಟದ ಕೆಳಗೂ ಸಹಿ ಮಾಡಿ, ಖಾಲಿ ಉಳಿದ ಜಾಗಕ್ಕೆಲ್ಲ ಗೆರೆ ಎಳೆದಿದ್ದೇನೆ.

ಸ್ಥಳ: ಕರಕ್
ದಿನಾಂಕ: 30-10-2022, ಬೆಳಿಗ್ಗೆ 11.50
ಸಹಿ: ಮೈಸೂನ್ ಅವ್ವಾದ್ ಅಲ್-ರವಾಶ್ದೆ
(ಐದು ಪುಟಗಳಲ್ಲಿ ಐದನೆಯದು)